ತೋರ್ವಿನ್ ಕಪ್ತಾನನಾದದ್ದು ಹೇಗೆ

ಮಡಕಶಿರ ಕಡೆಯಿಂದ
8 ಜನವರಿ 2023

ವಿದ್ಯಾ,

ಫೋನ್ ಮಾಡಿದರೆ ಸ್ವಿಚ್ ಆಫ್ ಬರುತ್ತಿದೆ ಎಂದು ಮುಖ ಊದಿಸಿಕೊಂಡಿದ್ದೀಯ ಅಲ್ಲವಾ? ಸಿಮ್ ತೆಗೆದು ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಹಾಕಿದ್ದೇನೆ ಕಣೇ. ಅದಕ್ಕೇ ಈ ಪತ್ರ. ಹಾಸ್ಟೆಲ್‌ನಲ್ಲಿ ಫೋನು ಇಟ್ಟುಕೊಳ್ಳಲು ಬಿಡದ ಕಾಲದಲ್ಲಿ ರಜೆಯಲ್ಲೆಲ್ಲ ಬರೆದುಕೊಳ್ಳುತ್ತಿದ್ದೆವಲ್ಲ, ಆ ಅಭ್ಯಾಸ ಹೀಗೆ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ.

ನೀನೇ ನನ್ನನ್ನು 'ಏಳನೇ ಹಾಯಿ' ಧಾರಾವಾಹಿಯ ಅಭಿಮಾನಿಗಳ ಗುಂಪಿಗೆ ಸೇರಿಸಿದೆ. ಅಲ್ಲಿ ಮೂರು ಹೊತ್ತೂ ಒಂದೇ ಜಗಳ. ಹಡಗಿನಲ್ಲಿ ನೀರಿನ ಪೀಪಾಯಿ ಹೊರುತ್ತಿದ್ದ ತೋರ್ವಿನ್ ಎರಡನೇ ಭಾಗದಲ್ಲಿ ಏಕಾಏಕಿ ಕಡಲುಗಳ್ಳರ ಕಪ್ತಾನನಾಗಿ ಬಂದು ನಿಲ್ಲುತ್ತಾನಲ್ಲ, ನಡುವೆ ಏನಾಯಿತು? ಕಥೆ ಮಾಡಿದವರು ತೋರಿಸಿಯೇ ಇಲ್ಲ. 'ಹಳೇ ಕಪ್ತಾನ' ಎಂಬ ಹೆಸರಿನಲ್ಲಿ ಬರೆಯುವವನೊಬ್ಬನಿದ್ದಾನಲ್ಲ, ಅವನ ಪ್ರಕಾರ ತೋರ್ವಿನ್ ಮೊದಲಿನ ಕಪ್ತಾನನನ್ನು ಮಲಗಿದ್ದಲ್ಲೇ ಕೊಂದ. ಎಲ್ಲರೂ ಅದನ್ನೇ ಒಪ್ಪಿಕೊಂಡಿದ್ದರು.

ನಾನು 'ನೀರುಗಂಟಿ' ಎಂಬ ಹೆಸರಿನಲ್ಲಿ ಬೇರೆ ಬರೆದೆ. ನಮ್ಮ ತಾತ ದೊಡ್ಡತಿಮ್ಮಪ್ಪ ಈ ಊರಿನ ನೀರುಗಂಟಿ ಎಂದು ನಿನಗೆ ಗೊತ್ತು. ಕೆರೆಯ ತೂಬು ತೆಗೆದು ಒಬ್ಬೊಬ್ಬರ ಗದ್ದೆಗೂ ಸರದಿಯ ಮೇಲೆ ನೀರು ಬಿಡುವ ಕೆಲಸ. ಕೆರೆಯ ಕೆಳಗೆ ತಾತನಿಗೆ ಗೇಣು ಗದ್ದೆಯೂ ಇಲ್ಲ. ಇದ್ದವರಿಗೆ ಆ ಕೆಲಸ ಕೊಡುವುದೂ ಇಲ್ಲ. ನೀರಿನ ದೂರು ಇದ್ದವರು ತೂಬಿನ ಪಕ್ಕದ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿಂತು, ಎಲ್ಲರ ಎದುರಿಗೆ ಗಟ್ಟಿಯಾಗಿ ಹೇಳಬೇಕು. ಕಿವಿಯಲ್ಲಿ ಹೇಳುವುದನ್ನು ತಾತ ಕೇಳುವುದಿಲ್ಲ. ನಡುಗಡಲಲ್ಲಿ ಕುಡಿಯುವ ನೀರು ಮುಗಿಯುತ್ತಾ ಬಂದಾಗ ಆ ಕಳ್ಳರು ಯಾರನ್ನು ನಂಬುತ್ತಾರೆ? ಲೂಟಿಯಲ್ಲಿ ಪಾಲೇ ಇಲ್ಲದ ಪೀಪಾಯಿಯವನನ್ನು. ಅವರೇ ಅವನನ್ನು ಮೇಲೆ ಕೂರಿಸಿದರು, ಅವನು ಯಾರನ್ನೂ ಕೊಂದಿಲ್ಲ ಎಂದು ಬರೆದೆ.

ಗುಂಪಿನಲ್ಲಿ ಹಬ್ಬವೋ ಹಬ್ಬ. ಹಳೇ ಕಪ್ತಾನನನ್ನು ಎಲ್ಲರೂ ಆಡಿಕೊಂಡು ನಕ್ಕರು. ಅವನು ರೇಗಿ ಕೂಗಾಡಿದ್ದಕ್ಕೆ ಗುಂಪು ನಡೆಸುವ ಅಧಿಕಾರವನ್ನೂ ಕಿತ್ತುಕೊಂಡರು. ಆವತ್ತೇ ಅವನಿಂದ ನನಗೊಬ್ಬಳಿಗೇ ಸಂದೇಶ ಬಂತು. "ನೀನು ಹುಡುಗಿ ಅಂತ ಗೊತ್ತು." ಮಾರನೆಯ ದಿನ, "ಕೆರೆ ಏರಿಯಿಂದ ಕೋಟೆ ಬೆಟ್ಟ ಕಾಣುತ್ತದೆ ಎಂದು ಬರೆದಿದ್ದೀಯ. ಅಂದರೆ ಮಡಕಶಿರದ ಸುತ್ತಮುತ್ತ." ಜಂಬಕ್ಕೆ ಬರೆದ ಸಾಲು ಅದು. ಓದಿದ ಕೂಡಲೇ ಸಿಮ್ ಕಿತ್ತೆ.

ಮನೆಯಲ್ಲಿ ಹೇಳುವ ಹಾಗಿಲ್ಲ. ಅಪ್ಪ ಹೋದ ಮೇಲೆ ಚಿಕ್ಕಪ್ಪ ತಿಮ್ಮರಾಜು ಹೇಳಿದ್ದೇ ನಡೆಯುವುದು. ಫೋನು ಕೊಡಿಸಿದ ದಿನವೇ, "ಇದ್ರಿಂದ ಒಂದ್ ತಕರಾರು ಮನೆತಂಕ ಬಂದ್ರೆ ಕಾಲೇಜು ಬಂದ್, ಗಂಡು ನೋಡ್ತೀನಿ" ಎಂದಿದ್ದರು. ಏನು ಮಾಡಲಿ ಹೇಳು.

ಶ್ರಾವಣಿ


ರಾಯದುರ್ಗ
14 ಜನವರಿ 2023

ಲೇ ಶ್ರಾವಣಿ,

ನಾಳೆ ಸಂಕ್ರಾಂತಿ. ಎಳ್ಳು ಹುರಿಯುವುದನ್ನು ಅರ್ಧಕ್ಕೆ ಬಿಟ್ಟು ನಿನಗೆ ಬರೆಯಲು ಕೂತಿದ್ದೇನೆ, ಅವ್ವ ಒಳಗಿಂದ ಬೈಯುತ್ತಿದ್ದಾಳೆ. ಕಡೆಗೂ ನಿನಗೊಬ್ಬ ಕಡಲುಗಳ್ಳ ಗಂಟುಬಿದ್ದನಲ್ಲ! ಕೆರೆ ದಂಡೆಯವಳಿಗೆ ಹಡಗಿನವನು, ಜೋಡಿ ಚೆನ್ನಾಗಿದೆ. ಇಂಥವರು ಫೋನಿನೊಳಗೆ ಹುಲಿ, ಹೊರಗೆ ಬಂದರೆ ಬೆಕ್ಕು. ಸಾಸಿವೆ ಡಬ್ಬಿಯಿಂದ ಸಿಮ್ ತೆಗೆದು ಆರಾಮಾಗಿರು.

ನಿನ್ನ ಪತ್ರ ಅಂಗಡಿಗೆ ಬಂದಿತ್ತು. ಅಣ್ಣ ತಂದುಕೊಟ್ಟ. "ಈ ಕಾಲದಾಗ ಪತ್ರ ಯಾರ್ ಬರಿತಾರಲೇ?" ಎಂದು ನಕ್ಕ. ನೀನು ಬರೆದ ತೋರ್ವಿನ್ ಕಥೆಯನ್ನು ಅವನಿಗೂ ಹೇಳಿದೆ. ನನಗೆ ಈ ಧಾರಾವಾಹಿಯ ಹುಚ್ಚು ಹಿಡಿಸಿದವನೇ ಅವನಲ್ಲವಾ. ಬಹಳ ಹೊತ್ತು ಕೇಳಿಸಿಕೊಂಡ. ಪಾಪ, ಈಗೀಗ ಯಾವುದರಲ್ಲೂ ಮನಸ್ಸಿಲ್ಲ ಅವನಿಗೆ. ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಕೊಡುವ ಅಂಗಡಿಯಲ್ಲಿ ಹತ್ತು ವರ್ಷದಿಂದ ದುಡಿಯುತ್ತಿದ್ದಾನೆ. ಅಪ್ಪ ಇನ್ನೂ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿಲ್ಲ. ಹೋದ ತಿಂಗಳು ಗಿರಾಕಿಗಳ ಮುಂದೆಯೇ, "ನಿನಗ ಅಂಗಡಿ ನಡೆಸೋ ಯೋಗ್ಯತಾ ಇಲ್ಲ" ಎಂದುಬಿಟ್ಟರು. ನಿನ್ನ ಕಥೆ ಕೇಳಿ ಸ್ವಲ್ಪ ಗೆಲುವಾದ. ಯಾವ ಊರಿನವಳು ಎಂದು ಕೇಳಿದ, ಮಡಕಶಿರದ ಪಕ್ಕದ ಗುಡಿಬಂಡೆ ಹತ್ತಿರ ಎಂದೆ.

ಹೆದರಬೇಡ.

ನಿನ್ನ ವಿದ್ಯಾಶ್ರೀ


ಮಡಕಶಿರ ಕಡೆಯಿಂದ
22 ಜನವರಿ 2023

ವಿದ್ಯಾ,

ನಿನ್ನ ಮಾತು ನಂಬಿ ಸಿಮ್ ಹಾಕಿದೆ. ಹಾಕಬಾರದಿತ್ತು. ಅವನ ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದವು.

"ಗುಡಿಬಂಡೆಯಿಂದ ನಿಮ್ಮೂರಿಗೆ ಆಟೋ ಸಿಗುತ್ತದೆಯಂತೆ."

"ಕಪ್ತಾನನ ಪಟ್ಟ ರಕ್ತ ಇಲ್ಲದೆ ಬರುವುದಿಲ್ಲ. ನಿನಗೆ ತೋರಿಸಿಕೊಡುತ್ತೇನೆ."

"ನಿಮ್ಮೂರ ಕೆರೆ ಎಷ್ಟು ಆಳ?"

ಕೊನೆಯದನ್ನು ಓದಿ ಫೋನನ್ನು ಹಾಸಿಗೆಯ ಮೇಲೆ ಎಸೆದೆ. ವಿದ್ಯಾ, ನಾನು ಗುಂಪಿನಲ್ಲಿ ಬೆಟ್ಟದ ಬಗ್ಗೆ ಬರೆದಿದ್ದೆ, ಕೆರೆಯ ಬಗ್ಗೆ ಬರೆದಿದ್ದೆ, ನಿಜ. ಗುಡಿಬಂಡೆ ಎಂಬ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಎಲ್ಲವನ್ನೂ ಮತ್ತೆ ಮತ್ತೆ ಓದಿ ನೋಡಿ, ಸಿಮ್ ತೆಗೆದು ಪುನಃ ಸಾಸಿವೆ ಡಬ್ಬಿಗೆ ಹಾಕಿದೆ. ಅವನಿಗೆ ಹೇಗೆ ಗೊತ್ತಾಯಿತು? ಕಾಲೇಜಿನಲ್ಲಿ ನನ್ನ ಪಕ್ಕ ಕೂರುವವರ ಮೇಲೆಲ್ಲ ಅನುಮಾನ ಬರುತ್ತಿದೆ. ಬಸ್ಸಿನಲ್ಲಿ ಯಾರಾದರೂ ಫೋನು ಎತ್ತಿ ಹಿಡಿದರೆ ನನ್ನ ಫೋಟೋ ತೆಗೆಯುತ್ತಿದ್ದಾರೆ ಎನಿಸುತ್ತದೆ. ಬೀದಿಯಲ್ಲಿ ಬೈಕಿನ ಸದ್ದಾದರೆ ಅಡುಗೆಮನೆಗೆ ಓಡುತ್ತೇನೆ. ಅಜ್ಜಿ ಓಬಕ್ಕ, "ಏನಮ್ಮಿ, ದೆವ್ವ ಮೆಟ್ಕಂಡಂಗ್ ಆಡ್ತೀಯ?" ಎಂದು ದೃಷ್ಟಿ ತೆಗೆದಳು.

ಇದು ತಮಾಷೆಯಲ್ಲ ಕಣೇ. ನನಗೆ ತುಂಬಾ ಭಯವಾಗಿದೆ.

ಶ್ರಾವಣಿ


ರಾಯದುರ್ಗ
28 ಜನವರಿ 2023

ಶ್ರಾವಣಿ,

ಆಡಿಕೊಂಡದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆರೆಯ ಮಾತು ಓದಿ ನನಗೂ ಹೆದರಿಕೆಯಾಯಿತು.

ಒಂದು ದಾರಿ ಹೊಳೆದಿದೆ. ಅಣ್ಣ ಆ ಗುಂಪಿನಲ್ಲಿ ಮೊದಲಿನಿಂದಲೂ ಇದ್ದಾನೆ, ಯಾವ ಹೆಸರಿನಲ್ಲಿ ಎಂದು ಮಾತ್ರ ಹೇಳಿಲ್ಲ. ಆ ಹಳೇ ಕಪ್ತಾನ ಯಾರು ಎಂದು ಅವನಿಗೆ ಗೊತ್ತಿರಬಹುದು. ನಿನ್ನೆ ಎಲ್ಲವನ್ನೂ ಹೇಳಿ, ಅವನಿಗೆ ನಾಲ್ಕು ಬೈದು ಬುದ್ಧಿ ಹೇಳು ಎಂದೆ. ಅಣ್ಣ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆಕಿ ಹೆದರ್ಯಾಳೇನು?" ಎಂದು ಕೇಳಿದ. ತುಂಬಾ ಹೆದರಿದ್ದಾಳೆ ಎಂದೆ. "ನಾನು ನೋಡಿಕೋತೀನಿ" ಎಂದ.

ಅಣ್ಣ ಮಾತು ಕೊಟ್ಟರೆ ತಪ್ಪುವವನಲ್ಲ. ಇನ್ನು ನಿಶ್ಚಿಂತೆಯಾಗಿ ನಿದ್ದೆ ಮಾಡು.

ವಿದ್ಯಾಶ್ರೀ


ರಾಯದುರ್ಗ
7 ಫೆಬ್ರವರಿ 2023

ಶ್ರಾವಣಿ,

ಈ ಭಾನುವಾರ ಮನೆಯಿಂದ ಹೊರಗೆ ಬರಬೇಡ. ಯಾರು ಕರೆದರೂ ಬರಬೇಡ.

ಇನ್ನು ಮೇಲೆ ಅಂಗಡಿಯ ವಿಳಾಸಕ್ಕೆ ಬರೆಯಬೇಡ. ನಾನು ಹೊಲಿಗೆ ಕಲಿಯುತ್ತಿರುವ ಕೃಷ್ಣವೇಣಿ ಟೀಚರ್ ಮನೆಯ ವಿಳಾಸ ಕೆಳಗಿದೆ. ಅಲ್ಲಿಗೇ ಬರೆ.

ಯಾಕೆ ಎಂದು ಕೇಳಬೇಡ. ಹೇಳಲು ಆಗುವುದಿಲ್ಲ.

ವಿ.


ಮಡಕಶಿರ ಕಡೆಯಿಂದ
10 ಫೆಬ್ರವರಿ 2023

ವಿದ್ಯಾ,

ಕೇಳಬೇಡ ಎಂದರೆ ಹೇಗೆ ಸುಮ್ಮನಿರಲಿ? ಭಾನುವಾರ ಎಂದು ನಿನಗೆ ಹೇಳಿದವರು ಯಾರು? ಅವನು ನಿನಗೆ ಗೊತ್ತು. ಗೊತ್ತಿದ್ದೂ ನನಗೆ ಹೇಳುತ್ತಿಲ್ಲ. ನಾನು ಗುಡಿಬಂಡೆ ಕಡೆಯವಳು ಎಂದು ಆ ಗುಂಪಿನಲ್ಲಿ ಬಲ್ಲವಳು ನೀನೊಬ್ಬಳೇ ವಿದ್ಯಾ. ಇಷ್ಟು ದಿನ ಈ ಮಾತು ಮನಸ್ಸಿಗೆ ಬಂದಾಗಲೆಲ್ಲ ನನ್ನನ್ನು ನಾನೇ ಬೈದುಕೊಂಡಿದ್ದೆ.

ಮನೆಯಲ್ಲಿ ಕೂರುವ ಹಾಗೂ ಇಲ್ಲ. ಈ ಭಾನುವಾರವೇ ತೂಬು ತೆಗೆಯುವುದು. ಕಣ್ಣಿನ ಆಪರೇಷನ್ ಆದ ಮೇಲೆ ತಾತನನ್ನು ಏರಿಯ ಮೇಲೆ ಕೈ ಹಿಡಿದು ನಡೆಸುವವಳು ನಾನೇ. ಬರುವುದಿಲ್ಲ ಎಂದರೆ ಕಾರಣ ಕೇಳುತ್ತಾರೆ. ಕಾರಣ ಹೇಳಿದರೆ ನನ್ನ ಓದು ಮುಗಿಯಿತು.

ನಿನ್ನ ಹತ್ತಿರ ಇನ್ನೇನು ಕೇಳಲಿ.

ಶ್ರಾವಣಿ


ರಾಯದುರ್ಗ
12 ಫೆಬ್ರವರಿ 2023, ಬೆಳಿಗ್ಗೆ

ಶ್ರಾವಣಿ,

ಇದು ನಿನಗೆ ತಲುಪುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ. ಆದರೂ ಬರೆಯುತ್ತಿದ್ದೇನೆ, ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಹಳೇ ಕಪ್ತಾನ ನಮ್ಮ ಅಣ್ಣ.

ಹೋದ ಸೋಮವಾರ ಅಂಗಡಿಯಲ್ಲಿ ಅವನ ಫೋನು ಚಾರ್ಜಿಗೆ ಇತ್ತು. ಪರದೆ ಬೆಳಗಿತು, ನಾನು ಪಕ್ಕದಲ್ಲೇ ಗುಂಡಿ ಎಣಿಸುತ್ತಿದ್ದೆ. "ಹಳೇ ಕಪ್ತಾನ, ಭಾನುವಾರ ನಿಜವಾಗಿಯೂ ಆ ನೀರುಗಂಟಿ ಊರಿಗೆ ಹೋಗುತ್ತೀಯಾ?" ಎಂದು ಯಾರೋ ಕೇಳಿದ್ದರು. ನಿನ್ನ ಊರನ್ನು ಅವನಿಗೆ ಹೇಳಿದವಳು ನಾನು. ನೀನು ಹೆದರಿದ್ದೀಯ ಎಂದು ಹೇಳಿದವಳೂ ನಾನೇ. ಅದನ್ನು ಕೇಳಿ ಅವನಿಗೆ ಖುಷಿಯಾಗಿರಬೇಕು.

ನಿನಗೆ ಅವತ್ತೇ ಬರೆಯಲು ಕೂತೆ. 'ನಮ್ಮ ಅಣ್ಣ' ಎಂಬ ಮಾತು ಕೈಯಿಂದ ಹೊರಡಲಿಲ್ಲ. ನನಗೆ ಸೈಕಲ್ ಕಲಿಸಿದವನು ಅವನು. ಅವನ ಚಪ್ಪಲಿಯ ಬಾರು ಕಿತ್ತಾಗ ಜೀನ್ಸ್ ಬಟ್ಟೆಯ ತುಂಡು ಹಾಕಿ ಹೊಲಿದುಕೊಟ್ಟವಳು ನಾನು, ಈಗಲೂ ಅದನ್ನೇ ಮೆಟ್ಟಿಕೊಂಡು ತಿರುಗುತ್ತಾನೆ. ಅವನಿಗೆ ಎದುರು ಹೇಳಲು ಧೈರ್ಯ ಸಾಲಲಿಲ್ಲ. ಅಪ್ಪನಿಗೆ ಹೇಳಿದರೆ ಹೊಡೆದು ಮನೆಯಿಂದ ಆಚೆ ಹಾಕುತ್ತಾರೆ ಎನಿಸಿತು. ನಿನ್ನ ಭಯಕ್ಕಿಂತ ನನ್ನ ಭಯವೇ ದೊಡ್ಡದು ಎಂದುಕೊಂಡೆ.

ಇವತ್ತು ಬೆಳಕು ಹರಿಯುವ ಮೊದಲೇ ಬೈಕು ತೆಗೆದುಕೊಂಡು ಹೋಗಿದ್ದಾನೆ. ಭೈರವಾನಿತಿಪ್ಪ ಡ್ಯಾಮ್ ನೋಡಿ ಬರುತ್ತೇನೆ ಎಂದು ಅವ್ವನಿಗೆ ಹೇಳಿದ್ದಾನೆ. ನಿನ್ನ ಫೋನು ಹತ್ತುತ್ತಿಲ್ಲ. ನಿಮ್ಮ ಮನೆಯ ಬೇರೆ ಯಾವ ನಂಬರೂ ನನ್ನ ಹತ್ತಿರ ಇಲ್ಲ.

ಸಂಜೆ

ಬಂದ. ಬರಿಗಾಲಲ್ಲಿ ಬಂದ.

ಅವ್ವ, "ಚಪ್ಪಲಿ ಎಲ್ಲಿ ಬಿಟ್ಟಿ?" ಎಂದಳು. "ಗುಡಿ ಮುಂದ ಕಳುವಾದ್ವು" ಎಂದ. ಬಚ್ಚಲಿಗೆ ಹೋಗಿ ಕಾಲು ತೊಳೆಯುತ್ತಲೇ ಇದ್ದಾನೆ. ಕಾಲಿನಲ್ಲಿ ಕೆರೆಯ ಕೆಸರಿತ್ತು ಶ್ರಾವಣಿ. ನೀನು ಹೇಗಿದ್ದೀಯ? ಒಂದೇ ಒಂದು ಸಾಲು ಬರೆ. ಬೈದಾದರೂ ಬರೆ.

ವಿದ್ಯಾ


ಮಡಕಶಿರ ಕಡೆಯಿಂದ
13 ಫೆಬ್ರವರಿ 2023

ವಿದ್ಯಾ,

ನಿನ್ನ ಮೇಲೆ ಸಿಟ್ಟಿದೆ. ಆದರೂ ನಿನಗಲ್ಲದೆ ಇನ್ಯಾರಿಗೆ ಬರೆಯಲಿ.

ಅವನು ಬಂದಿದ್ದ.

ತೂಬಿನ ಹತ್ತಿರ ಅರ್ಧ ಊರು ಸೇರಿತ್ತು. ಚಿಕ್ಕಪ್ಪನೂ ಇದ್ದರು. ಏರಿಯ ಮೇಲೆ ಒಂದು ಬೈಕು ಬಂದು ನಿಂತಿತು. ಹೆಲ್ಮೆಟ್ ತೆಗೆದು, "ಇಲ್ಲಿ ನೀರುಗಂಟಿ ಯಾರ್ರಿ?" ಎಂದ. ಆ 'ರಿ' ಕೇಳಿದ ಕೂಡಲೇ ನಿಮ್ಮ ಕಡೆಯವನು ಎಂದು ಗೊತ್ತಾಯಿತು. ತಾತನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ತಾತ, "ಯಾಕಮ್ಮಿ?" ಎಂದರು.

ಕೊನೆಯ ಗದ್ದೆಯ ಪಾಲಯ್ಯ ಗೊತ್ತಲ್ಲ, ವರ್ಷವೂ ನೀರಿಗೆ ಜಗಳ ತೆಗೆಯುವವನು. ಅವನು ಇವನನ್ನು ಯಾರದೋ ಗದ್ದೆ ಗುತ್ತಿಗೆ ಹಿಡಿದವನು, ನೀರಿನ ದೂರು ತಂದಿದ್ದಾನೆ ಎಂದುಕೊಂಡ. ನಮ್ಮೂರಿನಲ್ಲಿ ನೀರುಗಂಟಿ ಯಾರು ಎಂದು ಕೇಳಿಕೊಂಡು ಬರುವವರು ಇನ್ಯಾತಕ್ಕೆ ಬರುತ್ತಾರೆ? "ಅಗಾ, ತಾತ ಅಲ್ಲೇ ಅವ್ರೆ. ಚಪ್ಪಲಿ ಬಿಟ್ಟು ಕಲ್ಲಿನ್ ಮ್ಯಾಲೆ ನಿಂತ್ಕಂಡು ಹೇಳಪ್ಪ" ಎಂದು ತೋಳು ಹಿಡಿದು ಕರೆತಂದೇಬಿಟ್ಟ. ಸುತ್ತ ಜನ ದಾರಿ ಬಿಟ್ಟರು. ಅವನು ತಬ್ಬಿಬ್ಬಾದ. ಹಿಂದೆ ಹೋಗಲೂ ಆಗದೆ ಚಪ್ಪಲಿ ಬಿಟ್ಟು ಕಲ್ಲು ಹತ್ತಿದ.

"ಏನಪ್ಪ ನಿನ್ ದೂರು?" ಎಂದರು ತಾತ.

ಅವನು ನನ್ನ ಕಡೆ ನೋಡಿದ. ನಾನೇ ಎಂದು ಗೊತ್ತಾಗಿರಬೇಕು. ಫೋನು ಎತ್ತಿ, "ಇದರಾಗ ಐತ್ರಿ. ಈಕಿ ಬರೆದದ್ದು" ಎಂದ.

"ನಂಗೆ ಓದಕ್ ಬರಲ್ಲ ಕಣಪ್ಪ. ನೀನೇ ಗಟ್ಟಿಯಾಗ್ ಓದು, ಎಲ್ರೂ ಕೇಳ್ಲಿ. ಆಯಮ್ಮ ಬರ್ದಿದ್ದೂ ಓದು, ನೀನ್ ಬರ್ದಿದ್ದೂ ಓದು."

ಅವನು ಫೋನು ನೋಡಿದ. ಬೆರಳಿನಿಂದ ಮೇಲೆ ಕೆಳಗೆ ಸರಿಸಿದ. ಓದಲಿಲ್ಲ. "ಆಮ್ಯಾಲ ನಿಮಗೊಬ್ಬರಿಗೇ ಹೇಳ್ತೀನ್ರಿ" ಎಂದ.

"ಕಿವಿಯಾಗ್ ಹೇಳೋ ದೂರು ನಾನ್ ಕೇಳಲ್ಲ" ಎಂದರು ತಾತ.

ಎಲ್ಲರೂ ಕಾಯುತ್ತಾ ನಿಂತಿದ್ದರು. ಅವನು ಹಾಗೇ ಇಳಿದು ಹೋಗಿಬಿಟ್ಟರೆ ನನ್ನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಕಾಲೇಜೂ ಉಳಿಯುತ್ತಿತ್ತು. ಆದರೆ ಮತ್ತೊಂದು ದಿನ ಬರುತ್ತಾನೆ. ಯಾರೂ ಇಲ್ಲದಾಗ ಬರುತ್ತಾನೆ. ಹಾಗೆನಿಸಿದ ಕೂಡಲೇ, "ತಾತ, ಅವನು ಓದಲ್ಲ. ನಂಗೆ ಬಾಯಿಗೆ ಬತ್ತದೆ, ನಾನೇ ಹೇಳ್ತೀನಿ" ಎಂದೆ. ಹೇಳಿದೆ ವಿದ್ಯಾ. ರಕ್ತದ ಮಾತು ಹೇಳಿದೆ. ಕೆರೆ ಎಷ್ಟು ಆಳ ಎಂದು ಕೇಳಿದ್ದನ್ನು, ಆ ಕೆರೆಯ ಮುಂದೆಯೇ ನಿಂತು ಹೇಳಿದೆ. ಕೊನೆಗೆ ಅಳು ಬಂತು, ಅಳುತ್ತಲೇ ಮುಗಿಸಿದೆ.

ಯಾರೂ ಅವನ ಮೇಲೆ ಕೈ ಮಾಡಲಿಲ್ಲ. ಪಾಲಯ್ಯ ಹಿಡಿದಿದ್ದ ತೋಳು ಬಿಟ್ಟು ದೂರ ಸರಿದ, ಅಷ್ಟೇ. ಅವನು ಕಲ್ಲಿನಿಂದ ಇಳಿದು, ಕಾಲುವೆಯ ಕೆಸರಿನಲ್ಲಿ ತಪ್ಪುಹೆಜ್ಜೆ ಇಟ್ಟು, ಬರಿಗಾಲಲ್ಲೇ ಬೈಕು ಹತ್ತಿ ಹೋದ. ಚಪ್ಪಲಿ ಅಲ್ಲೇ ಇದೆ. ಅರ್ಧಕ್ಕೆ ಬಿಟ್ಟ ದೂರಿನವನ ಚಪ್ಪಲಿಯನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ಅವನೇ ಮನೆಯ ಹಿರಿಯರನ್ನು ಕರೆದುಕೊಂಡು ಬಂದು, ಮಾತು ಮುಗಿಸಿ ತೆಗೆದುಕೊಳ್ಳಬೇಕು. ಎಡಗಾಲಿನದಕ್ಕೆ ಜೀನ್ಸ್ ಬಟ್ಟೆಯ ಬಾರು ಹೊಲಿದಿದೆ.

ಚಿಕ್ಕಪ್ಪ ಮನೆಗೆ ಬಂದು, "ಫೋನ್ ಇತ್ಲಾಗ್ ಕೊಡು" ಎಂದರು. ಕೊಟ್ಟೆ. ಮುಗಿಯಿತು ಎಂದುಕೊಂಡೆ. ಇವತ್ತು ಬೆಳಿಗ್ಗೆ ಗಾಡಿ ತೆಗೆದು ಬಾಗಿಲಲ್ಲಿ ನಿಲ್ಲಿಸಿಕೊಂಡು, "ಕಾಲೇಜಿಗ್ ಒತ್ತಾಯ್ತು, ಬಾ" ಎಂದರು.

ಭಯ ಹೋಗಿಲ್ಲ. ಅವನು ಯಾರು, ಹೇಳು.

ಶ್ರಾವಣಿ


ಮಡಕಶಿರ ಕಡೆಯಿಂದ
16 ಫೆಬ್ರವರಿ 2023

ವಿದ್ಯಾ,

ನಿನ್ನ ಭಾನುವಾರದ ಪತ್ರ ಈಗ ಬಂತು. ಎರಡು ಸಲ ಓದಿದೆ. ಮೊದಲನೆಯ ಸಲ ಹರಿದು ಹಾಕಬೇಕೆನಿಸಿತು. ಎರಡನೆಯ ಸಲ, ನಾನು ಇಲ್ಲಿ ಬೈಕಿನ ಸದ್ದಿಗೆ ಹೆದರುತ್ತಿದ್ದೇನೆ, ನೀನು ಅಲ್ಲಿ ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದೀಯ ಎಂಬುದು ಹೊಳೆಯಿತು. ನನ್ನ ಸುತ್ತ ಊರಿತ್ತು. ನಿನ್ನ ಸುತ್ತ ಯಾರಿದ್ದಾರೆ?

ಅವನಿಗೆ ನಿನ್ನ ಮೇಲೆ ಅನುಮಾನ ಬಂದಿದೆಯಾ? ಹುಷಾರು ಕಣೇ.

ಶ್ರಾವಣಿ


ರಾಯದುರ್ಗ
18 ಫೆಬ್ರವರಿ 2023

ಶ್ರಾವಣಿ,

ಕೃಷ್ಣವೇಣಿ ಟೀಚರ್ ಮನೆಯಲ್ಲಿ ನಿನ್ನ ಹದಿಮೂರರ ಪತ್ರ ಓದಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೀನು ಚೆನ್ನಾಗಿದ್ದೀಯ. ಅಷ್ಟು ಸಾಕು.

ಅಣ್ಣನಿಗೆ ಅನುಮಾನ ಬಂದಿದೆ. ನಿನ್ನೆ ನನ್ನ ಹೊಲಿಗೆ ಚೀಲ ಕೆಳಗೆ ಸುರಿದು ಹುಡುಕಿದ. ಪತ್ರ ಕುಪ್ಪಸದೊಳಗಿತ್ತು. "ಆಕಿ ಏನರ ಬರದಾಳೇನು?" ಎಂದ. ಇಲ್ಲ ಎಂದೆ. "ನನ್ನ ಮಾನ ಹೋದರ ನಿನ್ನ ಬಿಡೂದಿಲ್ಲ" ಎಂದು ಮೆಲ್ಲಗೆ ಹೇಳಿ ಹೋದ. ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಇವತ್ತು ಶಿವರಾತ್ರಿ, ಎಲ್ಲರದೂ ಉಪವಾಸ. ನಾಳೆ ಬೆಳಿಗ್ಗೆ ಪೂಜೆ ಮುಗಿದು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ನಿನ್ನ ಪತ್ರವನ್ನು ಆಗ ಓದುತ್ತೇನೆ, ಗಟ್ಟಿಯಾಗಿ.

19 ಫೆಬ್ರವರಿ

ಓದಿದೆ.

ಮೊದಲ ಸಾಲಿಗೇ ಅಣ್ಣ ಎದ್ದ. ನನ್ನ ಕೈಯಿಂದ ಕಿತ್ತುಕೊಳ್ಳಲು ಬಂದ. ಅಪ್ಪ ಸಣ್ಣಬಸಪ್ಪನವರ ದನಿ ನಿನಗೆ ಗೊತ್ತಲ್ಲ, ಬೀದಿಗೆಲ್ಲ ಕೇಳಿಸುತ್ತದೆ. ಇವತ್ತು ಮಾತ್ರ ತಣ್ಣಗೆ, "ಕುಂದ್ರು. ಆಕಿ ಓದಲಿ" ಎಂದರು. ಕೆರೆಯ ಆಳದ ಸಾಲು ಬಂದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಪ್ಪಲಿಯ ಬಾರಿನ ಮಾತು ಬಂದಾಗ ಅಪ್ಪ ಅಣ್ಣನ ಕಾಲು ನೋಡಿದರು. ಹೊಡೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಹೊಡೆಯಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ನಾನೂ ಗಿರಾಕಿ ಮುಂದ ಅವನ ಮಾನ ಕಳದೀನಿ, ಅದನ್ನೂ ಅಲ್ಲೇ ಹೇಳ್ತೀನಿ. ನಾಳೆ ಇಬ್ಬರೂ ಹೋಗೂಣು" ಎಂದರು. ಅಣ್ಣ ಬರುವುದಿಲ್ಲ ಎಂದ. "ಬರ್ತೀ. ಬರಿಗಾಲಿಲೆ ಬರ್ತೀ" ಎಂದರು ಅಪ್ಪ. ಅವನು ಉಣ್ಣದೆ ಎದ್ದು ಹೋದ. ನನ್ನ ಮುಖ ನೋಡುತ್ತಿಲ್ಲ. ಅವ್ವ ಇನ್ನು ನನ್ನ ಪಕ್ಕದಲ್ಲೇ ಮಲಗುತ್ತೇನೆ ಎಂದಿದ್ದಾಳೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇವೆ. ನಮ್ಮ ಮನೆಯಲ್ಲೇ ಅಣ್ಣನಿಗೆ ಹೆದರಿ ಚಿಲಕ ಹಾಕುವುದೆಂದರೆ ಎಷ್ಟು ಸಂಕಟ ಎಂದು ನಿನಗೆ ಹೇಳಲು ಬರುವುದಿಲ್ಲ.

ಈ ಪತ್ರಕ್ಕಿಂತ ಮೊದಲೇ ಅವರಿಬ್ಬರೂ ನಿಮ್ಮೂರಿಗೆ ಬಂದಿರುತ್ತಾರೆ. ಅಣ್ಣ ಕಲ್ಲು ಹತ್ತುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ತಾತನ ತೋಳು ಬಿಡಬೇಡ.

ಇನ್ನೊಂದು ಮಾತು. ನಿನ್ನ ತೋರ್ವಿನ್ ಕಥೆಯಲ್ಲಿ ಒಂದು ಬಿಟ್ಟುಹೋಗಿದೆ. ಪಾಲಿಲ್ಲದವನು ಎಂದು ಅವನನ್ನು ನಂಬಿದರು, ಸರಿ. ಆದರೆ ಅದಕ್ಕೂ ಮೊದಲು ಒಂದು ದಿನ ಅವನು ಎಲ್ಲರ ಎದುರಿಗೆ ನಿಂತು, ಹಳೆಯ ಕಪ್ತಾನ ಮಾಡಿದ್ದನ್ನು ಗಟ್ಟಿಯಾಗಿ ಹೇಳಿರಬೇಕು. ಆಗ ಅವನಿಗೂ ಭಯವಾಗಿರಬೇಕು. ಆಮೇಲೆ ಅದೇ ಹಡಗಿನಲ್ಲೇ ಮಲಗಿ ಏಳಬೇಕಿತ್ತಲ್ಲ ಅವನು, ಹೋಗಲು ಬೇರೆ ನೆಲ ಎಲ್ಲಿತ್ತು?

ವಿದ್ಯಾ